ಬೆವರಿನಲ್ಲಿ ಅಡಗಿದ ಕತ್ತರಿ

ಗೋಕಾಕದ ಕರದಂಟು ವಾರಗಟ್ಟಲೆ ಕೆಡದು. 2020ರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬೆಳಗಾವಿಯ ಪ್ರಯೋಗಶಾಲೆಗಳಿಗೆ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಪ್ರಯಾಣ ಬೆಳೆಸಿದ ಗಂಟಲುದ್ರವಕ್ಕಾದರೋ ಆ ಭಾಗ್ಯವಿರಲಿಲ್ಲ. ಅದರೊಳಗಿನ ಕೊರೋನಾ ವೈರಸ್ಸಿನ ಗುರುತೆಂದರೆ ಆರ್‌ಎನ್‌ಎ ಎಂಬ ಒಂದೆಳೆಯ ದಾರ. ಆ ದಾರವನ್ನು ಕತ್ತರಿಸುವ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವು ಮನುಷ್ಯನ ಬೆವರಿನಲ್ಲಿ, ಎಂಜಲಿನಲ್ಲಿಯೇ ಮನೆಮಾಡಿಕೊಂಡಿದೆ. ವೈರಸ್ಸಿನ ಕವಚದಿಂದ ಹೊರತೆಗೆದ ಆರ್‌ಎನ್‌ಎಗೆ ಬರಿಗೈಯ ಒಂದು ಸ್ಪರ್ಶವೇ ಸಾಕು.

ಕುದಿಸಿದರೆ ಸಾಯದೇ ಎಂದು ಗೃಹಿಣಿಯರು ಕೇಳಬಹುದು. ಸಾಯುವುದಿಲ್ಲ! ಹಸುವಿನ ಮೇದೋಜೀರಕದಿಂದ ತೆಗೆದ ಇದರ ಬಂಧುವನ್ನು ನೋಡಿರಿ: 124 ಕೊಂಡಿಗಳ ಸರಪಣಿ, ಅದನ್ನು ಬಿಗಿದ ನಾಲ್ಕು ಗಂಧಕದ ಬೆಸುಗೆಗಳು. ಕಾಯಿಸಿದಾಗ ಸಡಿಲಗೊಂಡರೂ ಆರಿದೊಡನೆ ಮತ್ತೆ ಮೊದಲಿನಂತೆಯೇ ಮಡಿಚಿಕೊಳ್ಳುತ್ತದೆ. ಈ ಮಡಿಕೆಯ ರಹಸ್ಯವನ್ನರಸಿದ ಕ್ರಿಶ್ಚಿಯನ್ ಆನ್‌ಫಿನ್‌ಸನ್‌ರಿಗೆ 1972ರಲ್ಲಿ ನೊಬೆಲ್ ಪಾರಿತೋಷಕವೇ ದೊರೆಯಿತು.

ಆದುದರಿಂದ ಪ್ರಯೋಗಶಾಲೆಯ ಮಡಿ ಅಜ್ಜಿಯರ ಮಡಿಗಿಂತ ಒಂದು ಕೈ ಮೇಲು. ಹೊಸ ಕೈಗವಸು, ಬೇರೆಯೇ ಮೇಜು, ಕಿಣ್ವರಹಿತವಾದ ನೀರು. ಗ್ವಾನಿಡೀನಿಯಂ ಲವಣವು ವೈರಸ್ಸಿನ ಕವಚವನ್ನೊಡೆಯುವಾಗಲೇ ಕಿಣ್ವದ ಮಡಿಕೆಯನ್ನೂ ಬಿಚ್ಚಿಡುತ್ತದೆ. ಕಾದಿಡಬೇಕಾದುದಕ್ಕೆ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತಪೆಟ್ಟಿಗೆ.

ಇಷ್ಟೆಲ್ಲ ಏತಕ್ಕೆ? ಎಳೆ ತುಂಡುತುಂಡಾದರೆ ಪರೀಕ್ಷೆ ‘ಸೋಂಕಿಲ್ಲ’ ಎನ್ನಲೂಬಹುದು. ಆ ಮಾತನ್ನು ನಂಬಿ ಹುಕ್ಕೇರಿಯ ಮಗನೊಬ್ಬ ಮನೆಗೆ ಹೋಗಿ, ಮುದಿತಾಯಿಯ ಪಕ್ಕದಲ್ಲಿ ಊಟಕ್ಕೆ ಕುಳಿತುಕೊಳ್ಳುವನು.