ರೇಲ್ವೆಯಲ್ಲಿ ಒಂದು ವರ್ಷದ ಉಮೇದವಾರಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಹುಡುಗನೊಬ್ಬನು ರೇಲ್ವೆಯ ಕಾರಖಾನೆಗೆ ಕೆಲಸ ಕಲಿಯಲು ಹೋದನೆಂದರೆ, ಅವನಿಗೆ ನೌಕರಿಯೇ ದೊರೆಯಿತೆಂದು ತಿಳಿಯುವುದುಂಟು. ನೆರೆಯವರು ಪೇಢೆ ಕೇಳುತ್ತಾರೆ; ಹೆಣ್ಣುಳ್ಳವರು ವಿಚಾರಿಸತೊಡಗುತ್ತಾರೆ. ವರ್ಷ ತುಂಬಿ ಅವನು ಪ್ರಮಾಣಪತ್ರವೊಂದನ್ನು ಹಿಡಿದು ಮರಳಿದಾಗ, ಅದೇ ಜನರು ಅವನನ್ನು ಸೋತು ಬಂದವನಂತೆ ಕಾಣುತ್ತಾರೆ. ಈ ಎರಡು ಎಣಿಕೆಗಳೂ ಸರಿಯಾದುವಲ್ಲ. ಆ ಹಾದಿಯನ್ನು ನಡೆದು ಬಂದವನಾದುದರಿಂದ, ಅಲ್ಲಿ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಗೃಹಸ್ಥರಾದ ವಾಚಕರ ಮುಂದಿಡಬೇಕೆಂದು ಬಯಸಿದ್ದೇನೆ.

ನನ್ನೂರು ಜಮಖಂಡಿ ತಾಲೂಕಿನ ತುಬಚಿ. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಊರಿನ ಹೆಸರು ಈಗ ಹೊರಗಿನವರಿಗೂ ಪರಿಚಿತವಾಗಿದೆ. ಕೃಷ್ಣೆಯ ನೀರು, ಕಬ್ಬಿನ ಬೆಳೆ, ನೀರೆತ್ತುವ ವಿದ್ಯುತ್ತಿನ ಪಂಪು, ಈ ಮೂರರ ಮೇಲೆ ನಮ್ಮ ಸಂಸಾರಗಳು ನಿಂತಿವೆ. ಆದರೆ ವಿದ್ಯುತ್ತಿನೊಡನೆ ನಮ್ಮವರ ಸಲಿಗೆ ಅತಿಯಾದುದು. ಹರಿದ ತಂತಿಗೆ ಸೈಕಲ್ಲಿನ ಟ್ಯೂಬಿನ ಪಟ್ಟಿಯನ್ನು ಸುತ್ತುವುದು, ಫ್ಯೂಜಿಗೆ ಕೈಗೆ ಸಿಕ್ಕ ದಪ್ಪ ತಂತಿಯನ್ನು ಬಿಗಿಯುವುದು, ಒದ್ದೆಗೈಯಿಂದಲೇ ಸ್ಟಾರ್ಟರನ್ನು ಒತ್ತುವುದು ದಿನನಿತ್ಯದ ಮಾತು. ಮೈ ಜುಮ್ಮೆಂದರೆ "ಸ್ವಲ್ಪ ಹೊಡಿತೈತಿ, ಏನಾಗೂದಿಲ್ಲ" ಎನ್ನುವರು. ನಾನು ಸಾಲೆಯಲ್ಲಿದ್ದಾಗ ನಮ್ಮ ನೆಂಟರೊಬ್ಬರು ರಾತ್ರಿ ಪಂಪು ಹಚ್ಚಲು ತೋಟಕ್ಕೆ ಹೋದವರು ಜೀವಂತವಾಗಿ ಮರಳಲಿಲ್ಲ. ಅಂದಿನಿಂದ ನನ್ನ ಅವ್ವನು ಕರೆಂಟಿನ ಹೆಸರೆತ್ತಿದರೆ ಅಂಜುತ್ತಿದ್ದಳು. ಅಪ್ಪನ ವಿಚಾರವು ಬೇರೆಯಾಗಿತ್ತು. "ಕಲಿತವರು ಇಲ್ಲದ್ದಕ್ಕ ಹಿಂಗಾತು, ಇವನಾರ ಕಲೀಲಿ" ಎಂದು ಅವನು ನನ್ನನ್ನು ಐ.ಟಿ.ಐ.ಗೆ ಹಚ್ಚಿದನು.

ಅಲ್ಲಿ ಎರಡು ವರ್ಷ ಇಲೆಕ್ಟ್ರಿಶಿಯನ್ ವಿಷಯವನ್ನು ಓದಿ, 2012ರಲ್ಲಿ ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ಒಂದು ವರ್ಷದ ಉಮೇದವಾರಿಗೆ ಸೇರಿದೆನು. ಇದನ್ನೇ ಈಗ ಅಪ್ರೆಂಟಿಸ್ ಎನ್ನುತ್ತಾರೆ. ಸದರ್ನ್ ಮರಾಠಾ ರೇಲ್ವೆಯ ಕಾಲದಲ್ಲಿ, 1885ರ ಸುಮಾರಿಗೆ ಹುಟ್ಟಿದ ಈ ಕಾರಖಾನೆಯು ಹುಬ್ಬಳ್ಳಿಯ ಎಷ್ಟೋ ಮನೆತನಗಳಿಗೆ ತಲೆಮಾರುಗಳಿಂದ ಅನ್ನವಿಕ್ಕಿದೆ. ಶಿಷ್ಯವೇತನವು ಕೋಣೆಯ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತು. ಅವ್ವನು ಬಸ್ಸಿಗೆ ಹಾಕಿ ಕಳಿಸುತ್ತಿದ್ದ ಕಟಕರೊಟ್ಟಿ, ಶೇಂಗಾಚಟ್ನಿಗಳೇ ನಮ್ಮ ಕೋಣೆಯ ನಾಲ್ವರಿಗೂ ವಾರದ ಬುತ್ತಿಯಾಗಿದ್ದವು.

ರೇಲ್ವೆಯ ಡಬ್ಬಿಯಲ್ಲಿ ಕುಳಿತವರು ದೀಪವನ್ನೂ ಪಂಖವನ್ನೂ ನೋಡುತ್ತಾರೆ. ಅವಕ್ಕೆ ಶಕ್ತಿ ಎಲ್ಲಿಂದ ಬರುವುದೆಂದು ಕೇಳುವವರು ವಿರಳ. ನಾವು ಕೆಲಸ ಮಾಡುತ್ತಿದ್ದ ಡಬ್ಬಿಗಳ ಕೆಳಗೆ ಆಲ್ಟರ್ನೇಟರ್ ಎಂಬ ಯಂತ್ರವು ತೂಗಾಡುತ್ತಿತ್ತು. ಗಾಲಿಯ ಅಚ್ಚಿನಿಂದ ಪಟ್ಟೆಗಳ ಮೂಲಕ ಅದು ತಿರುಗಿ ವಿದ್ಯುತ್ತನ್ನು ಹುಟ್ಟಿಸುವುದು. ಆ ವಿದ್ಯುತ್ತು 110 ವೋಲ್ಟಿನ ಏಕಮುಖ ಪ್ರವಾಹವಾಗಿ ಮಾರ್ಪಟ್ಟು ದೀಪಗಳನ್ನು ಉರಿಸುವುದಲ್ಲದೆ ಬ್ಯಾಟರಿಗಳನ್ನೂ ತುಂಬುವುದು. ಗಾಡಿಯು ನಿಂತಾಗ ಬ್ಯಾಟರಿಯೇ ಆಧಾರ. ಹವಾನಿಯಂತ್ರಿತ ಡಬ್ಬಿಯೊಂದಕ್ಕೆ ಸೀಸ ಮತ್ತು ಆಮ್ಲದ 56 ಕೋಶಗಳು ಬೇಕು. ಮೊದಲಿನ ವಾರಗಳಲ್ಲಿ ನಮಗೆ ದೊರೆತುದು ಆ ಕೋಶಗಳ ತುದಿಗಳನ್ನು ತಿಕ್ಕಿ ಶುಚಿಮಾಡುವ ಕೆಲಸ ಮಾತ್ರ. ಜೊತೆಗಾರರಲ್ಲಿ ಕೆಲವರು ಬೇಸರಪಟ್ಟರು. ಆದರೆ ಸಡಿಲಾದ, ಕಿಲುಬಿದ ಒಂದು ತುದಿಯು ಇಡೀ ಡಬ್ಬಿಯನ್ನು ಕತ್ತಲಲ್ಲಿ ಕೆಡಹಬಲ್ಲುದೆಂದು ತಿಳಿದ ಮೇಲೆ, ಆ ಕೆಲಸದ ಬೆಲೆ ನಮಗೆ ಅರಿವಾಯಿತು.

ನಮಗೆ ಕಲಿಸಿದ ಹಿರಿಯ ಕುಶಲಿಗರೊಬ್ಬರನ್ನು ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದೆವು. ಅವರು ಕಲಿಸಿದ ಪರೀಕ್ಷೆಯೊಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಡಬ್ಬಿಯ ಧನ, ಋಣ ತಂತಿಗಳೆರಡೂ ಅದರ ಕಬ್ಬಿಣದ ಮೈಗೆ ತಗಲದಂತಿರಬೇಕು. ಇದನ್ನರಿಯಲು ಒಂದೇ ಬಗೆಯ ಎರಡು ದೀಪಗಳನ್ನು ಸಾಲಾಗಿ ಆ ತಂತಿಗಳ ನಡುವೆ ಜೋಡಿಸಿ, ದೀಪಗಳ ನಡುವಿನ ಬಿಂದುವನ್ನು ಡಬ್ಬಿಯ ಮೈಗೆ ಮುಟ್ಟಿಸುವರು. ಎರಡೂ ಸಮನಾಗಿ ಮಂಕಾಗಿ ಉರಿದರೆ ದೋಷವಿಲ್ಲ. ಒಂದು ಆರಿ ಇನ್ನೊಂದು ಪ್ರಖರವಾದರೆ, ಆರಿದ ಬದಿಯ ತಂತಿಯು ಮೈಗೆ ತಗಲಿದೆಯೆಂದು ಅರ್ಥ. ಆ ಬಳಿಕ ಒಂದೊಂದೇ ಕವಲನ್ನು ಬಿಡಿಸುತ್ತ ಹೋಗಿ, ತೊಗಟೆ ಸವೆದ ಜಾಗವನ್ನು ಹುಡುಕಬೇಕು. ಒಮ್ಮೊಮ್ಮೆ ಅದಕ್ಕೆ ಅರ್ಧ ದಿನವೇ ಹಿಡಿಯುತ್ತಿತ್ತು.

"ತಮ್ಮಾ, ಲೈನು ಬಂದ್ ಮಾಡೇನಂತ ಯಾರ ಹೇಳಿದ್ರೂ ನಂಬಬ್ಯಾಡ. ನೀನ ನೋಡು" ಎಂದು ಕಾಕಾ ಪದೇಪದೇ ಹೇಳುತ್ತಿದ್ದರು. ಫ್ಯೂಜನ್ನು ತೆಗೆದು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಪರೀಕ್ಷೆಯ ದೀಪವು ಸರಿಯಾಗಿದೆಯೇ ಎಂದು ಮೊದಲು ಜೀವಂತ ತಂತಿಯಲ್ಲಿ ನೋಡತಕ್ಕದ್ದು. ಅನಂತರವೇ ಕೆಲಸದ ತಂತಿಯನ್ನು ಪರೀಕ್ಷಿಸಿ ಕೈಹಚ್ಚತಕ್ಕದ್ದು. ಈ ಕ್ರಮವನ್ನು ಅವರು ದಿನಕ್ಕೆ ಹತ್ತು ಸಲವಾದರೂ ನಮ್ಮಿಂದ ಮಾಡಿಸುತ್ತಿದ್ದರು. ಪುಸ್ತಕದಲ್ಲಿ ಇದು ನಾಲ್ಕು ಸಾಲಿನ ಪಾಠ. ಕೈಯ ಅಭ್ಯಾಸವಾಗಲು ನನಗೆ ಒಂದು ವರ್ಷ ಬೇಕಾಯಿತು.

ವರ್ಷ ಮುಗಿಯಿತು, ಪರೀಕ್ಷೆಯಾಯಿತು, ಪ್ರಮಾಣಪತ್ರವು ಬಂದಿತು. ನೌಕರಿ ಬರಲಿಲ್ಲ. ಇದರಲ್ಲಿ ಯಾರ ಮೋಸವೂ ಇರಲಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಉಮೇದವಾರನು ವಿದ್ಯಾರ್ಥಿಯೇ ಹೊರತು ನೌಕರನಲ್ಲ. ನನ್ನ ಕೋಣೆಯ ನಾಲ್ವರಲ್ಲಿ ಒಬ್ಬನು ಮುಂದೆ ಪರೀಕ್ಷೆ ಬರೆದು ರೇಲ್ವೆಯನ್ನೇ ಸೇರಿದನು. ಇಬ್ಬರು ಸಕ್ಕರೆ ಕಾರಖಾನೆಗಳಿಗೆ ಹೋದರು. ನಾನು ಜಮಖಂಡಿಯಲ್ಲಿ ಮೋಟರು ಸುತ್ತುವ ಚಿಕ್ಕ ಅಂಗಡಿಯನ್ನು ತೆರೆದೆನು. ಊರವರು "ಮಗನ ನೌಕರಿ ಏನಾತು?" ಎಂದು ಕೇಳಿದಾಗ ಅಪ್ಪನು, "ನೌಕರಿ ಬರಲಿಲ್ಲ ಖರೆ, ಕೆಲಸ ಬಂತು" ಎನ್ನುತ್ತಿದ್ದನು.

ಆ ಮಾತಿನ ಅರ್ಥವು 2019ರ ಆಗಸ್ಟಿನಲ್ಲಿ ನನಗೆ ಪೂರ್ಣವಾಗಿ ತಿಳಿಯಿತು. ಕೃಷ್ಣೆಯ ಮಹಾಪೂರವು ನದೀತೀರದ ಊರುಗಳನ್ನೂ ತೋಟಗಳನ್ನೂ ಮುಳುಗಿಸಿತ್ತು. ನೀರಿಳಿದೊಡನೆ ಪಂಪು, ಹಿಟ್ಟಿನ ಗಿರಣಿ, ಮನೆಯ ದೀಪ ಎಲ್ಲವೂ ಎಲ್ಲರಿಗೂ ಅಂದೇ ಬೇಕಾದವು. "ಬಿಸಿಲಿಗೆ ಒಣಗ್ಯಾವ, ಹಚ್ಚಿಬಿಡೂಣು" ಎಂದು ಹಿರಿಯರೂ ಅವಸರಪಟ್ಟರು. ಹೊರಗೆ ಒಣಗಿದ ಮೋಟರಿನ ಒಳಗೆ ಕೆಸರೂ ತೇವವೂ ಅಡಗಿರುತ್ತವೆ. ಮೆಗ್ಗರ್ ಎಂಬ ಉಪಕರಣದಿಂದ ಅಳೆದರೆ ಮುಳ್ಳು ಮೇಲೇಳುತ್ತಲೇ ಇರಲಿಲ್ಲ. ತೊಳೆದು, ಬಿಚ್ಚಿ, ಒಳಗೆ ದೊಡ್ಡ ಬಲ್ಬನ್ನು ಉರಿಸಿಟ್ಟು ದಿನಗಟ್ಟಲೆ ಒಣಗಿಸಿದೆವು. ಅಳತೆಯು ಸಮಾಧಾನಕರವಾಗಿ ಬರುವವರೆಗೆ ಯಾವ ಮೋಟರನ್ನೂ ನಾನು ಮರಳಿಸಲಿಲ್ಲ. ಬೈಗುಳವನ್ನು ಕೇಳಿದೆನು, ಕೆಲವು ಗಿರಾಕಿಗಳು ಬೇರೆಡೆಗೆ ಹೋದರು. ನನ್ನ ಕೈಯಿಂದ ಹೋದ ಮೋಟರುಗಳಿಂದ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದಿರುವುದೇ ಈ ವಿದ್ಯೆಯ ಫಲ. ಆದುದರಿಂದಲೇ ಅದು ಜನರ ಕಣ್ಣಿಗೆ ಬೀಳುವುದಿಲ್ಲ.

ಮಕ್ಕಳನ್ನು ಈ ಹಾದಿಗೆ ಕಳಿಸಬೇಕೆನ್ನುವವರಿಗೆ ಎರಡು ಮಾತು. 1925ರ ಫೆಬ್ರವರಿ 3ರಂದು ಮುಂಬಯಿಯಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ಗಾಡಿಯು ಓಡಿತು. ನಮ್ಮ ಹುಬ್ಬಳ್ಳಿಯ ಹಳಿಗಳ ಮೇಲೂ ಈಗ 25,000 ವೋಲ್ಟಿನ ತಂತಿಯು ಹಾಯ್ದಿದೆ. ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ ಮಾರ್ಗದ ವಿದ್ಯುದೀಕರಣವು 2023ರ ಮಾರ್ಚಿಯಲ್ಲಿ ಲೋಕಾರ್ಪಣವಾಯಿತು. ಬಲ್ಲ ಕೈಗಳ ಅವಶ್ಯಕತೆಯು ಬೆಳೆಯುತ್ತಲೇ ಇರುವುದು. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ. ಉಮೇದವಾರಿ ಮುಗಿಸಿದವರಿಗೆ ರೇಲ್ವೆಯ ಪ್ರವೇಶದರ್ಜೆಯ ಹುದ್ದೆಗಳಲ್ಲಿ ಶೇಕಡಾ 20ರಷ್ಟನ್ನು ಮೀಸಲಿಡುವ ಪದ್ಧತಿಯೂ ಬಂದಿದೆ. ಆದರೆ ಪರೀಕ್ಷೆಯನ್ನು ಬರೆದೇ ತೀರಬೇಕು.

ಇನ್ನೊಂದು ಮಾತು, ಕಳಿಸುವ ಮುನ್ನ ಮನೆಯಲ್ಲಿ ಕುಳಿತು ಮಗನಿಗೋ ಮಗಳಿಗೋ ಸ್ಪಷ್ಟವಾಗಿ ಹೇಳಿರಿ: ಇದು ಕಲಿಕೆಯ ವರ್ಷ, ಸಂಬಳದ ವರ್ಷವಲ್ಲ. ಮರಳಿ ಬಂದಾಗ "ನೌಕರಿ ಏನಾತು?" ಎಂದು ಕೇಳುವ ಮೊದಲು "ಏನು ಕಲಿತು ಬಂದಿ?" ಎಂದು ಕೇಳಿರಿ. ಸಾಧ್ಯವಾದರೆ ನಿಮ್ಮ ಮನೆಯ ಸ್ವಿಚ್ಚುಗಳನ್ನೂ ತೋಟದ ಸ್ಟಾರ್ಟರನ್ನೂ ಮೊದಲು ಆ ಕೈಗಳಿಗೇ ಒಪ್ಪಿಸಿ ಪರೀಕ್ಷೆ ಮಾಡಿಸಿರಿ.