ಹಳಿಯ ಮೇಲೆ ಒಂದೇ ಭಾಷೆ

ಒಂದು ಕಂಪೆನಿಯ ಮಿಕ್ಸಿಗೆ ಇನ್ನೊಂದು ಕಂಪೆನಿಯ ಜಾರು ಕೂರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಬಲ್ಬು ಮಾತ್ರ ಯಾವ ಕಂಪೆನಿಯದ್ದಾದರೂ ಹೋಲ್ಡರಿಗೆ ಕೂರುತ್ತದೆ, ಉರಿಯುತ್ತದೆ. ಕೆಲವು ವಸ್ತುಗಳಿಗೆ ಎಲ್ಲರೂ ಒಪ್ಪಿದ ಅಳತೆಯಿದೆ, ಕೆಲವಕ್ಕಿಲ್ಲ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಸಾಮಾನುಗಳನ್ನು ಮಾರಿಬಿಡುವವರು ಎಷ್ಟೋ ಮಂದಿ. ನನ್ನ ಅತ್ತಿಗೆಯ ಮನೆಯಲ್ಲೂ ಹಾಗೆಯೇ ಆಗುವುದರಲ್ಲಿತ್ತು.

ಅಣ್ಣ ಅಮೆರಿಕದ ಓಹಿಯೋದಲ್ಲಿ ಮೂವತ್ತು ವರ್ಷ ಇದ್ದರು. ಮಂಗಳೂರಿನ ರೈಲ್ವೆ ಸ್ಟೇಷನ್ ಪಕ್ಕದಲ್ಲಿ ಬೆಳೆದ ಅವರಿಗೆ ರೈಲೆಂದರೆ ಪ್ರಾಣ. ಮನೆಯ ನೆಲಮಾಳಿಗೆಯಲ್ಲಿ ನಿಜವಾದ ರೈಲಿನ 87ನೇ ಒಂದು ಪಾಲಿನಷ್ಟು ಗಾತ್ರದ ಪುಟ್ಟ ರೈಲುಗಳನ್ನು ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಇಪ್ಪತ್ತಕ್ಕೂ ಹೆಚ್ಚು ಇಂಜಿನ್‌ಗಳು ಹಾಗೇ ಉಳಿದವು. ಮಗನಿಗೂ ಅದೇ ಹವ್ಯಾಸ. ಆದರೆ ಅಣ್ಣನ ನಿಯಂತ್ರಣ ಪೆಟ್ಟಿಗೆ ಡಿಜಿಟ್ರಾಕ್ಸ್ ಕಂಪೆನಿಯದು, ಮಗ ತನ್ನ ಮನೆಗೆ ಕೊಂಡದ್ದು ಎನ್‌ಸಿಇ ಕಂಪೆನಿಯದು. ಅಂಗಡಿಯೊಬ್ಬನು, "ಎರಡನ್ನೂ ಬೆರೆಸಲಾಗದು, ಹಳೆಯದನ್ನೆಲ್ಲ ಮಾರಿಬಿಡಿ" ಎಂದನಂತೆ. ಆಗ ನಾನು ಅಲ್ಲಿಯೇ ಇದ್ದೆ. "ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡೋಣವಾ ಮೋನೇ?" ಎಂದು ಅತ್ತಿಗೆ ಕೇಳುವಾಗ ಅವರ ಕಣ್ಣು ತುಂಬಿತ್ತು.

ಮಗ ಸುಮ್ಮನೆ ಮಾರಲಿಲ್ಲ, ಕೂತು ಓದಿದ. "ಮಾಮೀ, ಅಂಗಡಿಯವನ ಮಾತು ಅರ್ಧ ಮಾತ್ರ ನಿಜ" ಎಂದು ನನಗೆ ವಿವರಿಸಿದ.

ಹಿಂದಿನ ವಿಧಾನದಲ್ಲಿ ಹಳಿಗೆ ಕರೆಂಟು ಹೆಚ್ಚಿಸಿದರೆ ಅದರ ಮೇಲಿನ ಇಂಜಿನ್‌ಗಳೆಲ್ಲ ಒಟ್ಟಿಗೇ ಓಡುತ್ತಿದ್ದವು. ಡಿಸಿಸಿ ಎಂಬ ಡಿಜಿಟಲ್ ವಿಧಾನದಲ್ಲಿ ಹಳಿಯಲ್ಲಿ ಸದಾ ಪೂರ್ತಿ ಕರೆಂಟು ಇರುತ್ತದೆ, ಅದರ ಜೊತೆಗೇ ಆದೇಶಗಳೂ ಹರಿಯುತ್ತವೆ. ಪ್ರತಿಯೊಂದು ಇಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಸಣ್ಣ ಬಿಲ್ಲೆಯಿದ್ದು, ಅದು ತನ್ನ ನಂಬರಿಗೆ ಬಂದ ಆದೇಶವನ್ನು ಮಾತ್ರ ಕೇಳುತ್ತದೆ. ಜರ್ಮನಿಯ ಲೆನ್ಜ್ ಕಂಪೆನಿಯ ವಿಧಾನವನ್ನು ಆಧಾರವಾಗಿಟ್ಟು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದಕ್ಕೆ ಮಾನದಂಡ ಗೊತ್ತುಮಾಡಿತು. ಹಾಗಾಗಿ ಹಳಿಯ ಮೇಲಿನ ಭಾಷೆ ಎಲ್ಲರಿಗೂ ಒಂದೇ. ಯಾವ ಕಂಪೆನಿಯ ಡಿಸಿಸಿ ಪೆಟ್ಟಿಗೆಯಾದರೂ ಬೇರೆ ಕಂಪೆನಿಯ ಡಿಸಿಸಿ ಡಿಕೋಡರನ್ನು ಓಡಿಸಬಲ್ಲದು.

ಆದರೆ ಕೈಯಲ್ಲಿ ಹಿಡಿಯುವ ರಿಮೋಟಿಗೂ ಮುಖ್ಯ ಪೆಟ್ಟಿಗೆಗೂ ನಡುವಿನ ಮಾತು ಕಂಪೆನಿಗೊಂದು ಬಗೆ. ಡಿಜಿಟ್ರಾಕ್ಸ್‌ನವರದು ಲೋಕೋನೆಟ್, ಲೆನ್ಜ್‌ನವರದು ಎಕ್ಸ್‌ಪ್ರೆಸ್‌ನೆಟ್, ಎನ್‌ಸಿಇಯವರದು ಕ್ಯಾಬ್ ಬಸ್. ಪ್ಲಗ್ ನೋಡಲು ಟೆಲಿಫೋನಿನದ್ದರಂತೆಯೇ ಇದ್ದು ಕೂತರೂ ಮಾತು ಅರ್ಥವಾಗದು. ಕೂರುತ್ತದೆ ಎಂದ ಮಾತ್ರಕ್ಕೆ ಚುಚ್ಚಿ ನೋಡಬಾರದು. ಎರಡು ಮುಖ್ಯ ಪೆಟ್ಟಿಗೆಗಳನ್ನಂತೂ ಒಂದೇ ಹಳಿಗೆ ಜೋಡಿಸಲೇಬಾರದು, ಸುಟ್ಟುಹೋದಾವು.

ಅಣ್ಣ ಪ್ರತಿ ಇಂಜಿನ್ನಿನ ಡಬ್ಬಿಯೊಳಗೆ ಅದರ ನಂಬರು ಬರೆದ ಚೀಟಿ ಇಟ್ಟಿದ್ದರು. ಅವರ ಮೆಚ್ಚಿನ ಇಂಜಿನ್ನಿಗೆ ಕೊಟ್ಟ ನಂಬರು 1987, ಮಗ ಹುಟ್ಟಿದ ವರ್ಷ. ಅವನು ಅದನ್ನು ತನ್ನ ಮನೆಯ ಹಳಿಯ ಮೇಲಿಟ್ಟು ತನ್ನ ಎನ್‌ಸಿಇ ರಿಮೋಟಿನಲ್ಲಿ 1987 ಒತ್ತಿದ. ನಂಬರು ಡಿಕೋಡರಿನ ನೆನಪಿನಲ್ಲಿ ಹಾಗೇ ಇತ್ತು. ದೀಪ ಹೊತ್ತಿಕೊಂಡಿತು, ಇಂಜಿನ್ ಮೆಲ್ಲಗೆ ಹೊರಟಿತು. ಅತ್ತಿಗೆ ಏನೂ ಹೇಳಲಿಲ್ಲ, ಅದು ಎರಡು ಸುತ್ತು ಬರುವವರೆಗೆ ನೋಡುತ್ತಾ ನಿಂತರು.

ಅಣ್ಣನ ಪೆಟ್ಟಿಗೆಯೂ ವ್ಯರ್ಥವಾಗಲಿಲ್ಲ. ಹವ್ಯಾಸಿಗಳೇ ಬರೆದು ಉಚಿತವಾಗಿ ಕೊಡುವ ಜೆಎಂಆರ್‌ಐ ಎಂಬ ತಂತ್ರಾಂಶ ಹಲವು ಕಂಪೆನಿಗಳ ಪೆಟ್ಟಿಗೆಗಳೊಡನೆ ಮಾತಾಡಬಲ್ಲದು. ಅದನ್ನು ಕಂಪ್ಯೂಟರಿಗೆ ಹಾಕಿ, ಕಂಪ್ಯೂಟರನ್ನು ಆ ಪೆಟ್ಟಿಗೆಗೆ ಜೋಡಿಸಿದರೆ ಮೊಬೈಲೇ ರಿಮೋಟ್ ಆಗುತ್ತದೆ. ಈಗ ಮಗ ತಾಯಿಯ ಮನೆಗೆ ಬಂದಾಗ ಮೊಮ್ಮಕ್ಕಳು ನೆಲಮಾಳಿಗೆಯಲ್ಲಿ ಮೊಬೈಲ್ ಹಿಡಿದು ಅಜ್ಜನ ರೈಲು ಓಡಿಸುತ್ತಾರೆ.

ಸಹೋದರಿಯರೇ, ತೀರಿಹೋದವರ ಸಾಮಾನುಗಳನ್ನು ಮಾರುವ ಮುನ್ನ, ಮಾರಾಟದಲ್ಲಿ ಲಾಭವಿಲ್ಲದ ಒಬ್ಬರನ್ನಾದರೂ ಕೇಳಿ. ಯಾವುದು ಯಾವುದಕ್ಕೆ ಹೊಂದುತ್ತದೆ, ಯಾವುದು ಹೊಂದದು ಎಂದು ತಿಳಿದುಕೊಳ್ಳಿ. ಮನೆಯವರು ಇರುವಾಗಲೇ ಅವರ ಕೈಯಿಂದ ಒಂದು ಚೀಟಿ ಬರೆಸಿಡಿ. ಅಣ್ಣನ ಚೀಟಿಗಳಿಲ್ಲದಿದ್ದರೆ ಆ ಇಂಜಿನ್‌ಗಳನ್ನು ಯಾವ ನಂಬರಿನಿಂದ ಕರೆಯಬೇಕೆಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತಿತ್ತು.