ಬೊಬ್ಬೆ ಹೊಡೆಯುವವನಿಗೆ ಉಸಿರುಂಟು

ಮುಂಬಯಿಯ ನಮ್ಮವರ ಮದುವೆಗಳಲ್ಲಿ ‘ಹುಡುಗಿ ಎಂತ ಮಾಡ್ತಾಳೆ?’ ಎಂಬ ಪ್ರಶ್ನೆಗೆ ಬ್ಯಾಂಕು ಎಂದರೂ ನಡೆಯುತ್ತದೆ, ಐಟಿ ಎಂದರೂ ನಡೆಯುತ್ತದೆ. ನರ್ಸ್ ಎಂದರೆ ಮಾತ್ರ ಕೇಳಿದವರು ಒಂದು ಗಳಿಗೆ ತಡೆದು, ‘ಒಳ್ಳೆಯದು, ಸೇವೆ’ ಎನ್ನುತ್ತಾರೆ. ಸೇವೆ ಎಂದುಬಿಟ್ಟರೆ ಸಂಬಳದ ಮಾತೆತ್ತುವ ಕಷ್ಟವಿಲ್ಲ ನೋಡಿ. ಅದೇ ಜನವನ್ನು ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಲ್ಲಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನೋಡಬೇಕು. ಒಬ್ಬೊಬ್ಬರಾಗಿ ನನ್ನ ಅತ್ತಿಗೆಯನ್ನು ಮೂಲೆಗೆ ಕರೆದು ಮೊಬೈಲಿನಲ್ಲಿ ಇಸಿಜಿ ತೋರಿಸುತ್ತಿರುತ್ತಾರೆ.

ಅತ್ತಿಗೆ ಕ್ಯಾಶುವಲ್ಟಿಯ ಸಿಸ್ಟರ್. ಮದುವೆಗೆ ಬಂದವಳು ಸೀರೆ, ಸರ ನೋಡುವುದು ಬಿಟ್ಟು ಜನರ ಕೈಯ ನರ ನೋಡುತ್ತಾಳೆ. ಸಲೈನಿನ ಸೂಜಿಗಳಿಗೆ ಒಂದೊಂದು ಅಳತೆಗೆ ಒಂದೊಂದು ಬಣ್ಣ: ಹದಿನೆಂಟು ಹಸಿರು, ಇಪ್ಪತ್ತು ಗುಲಾಬಿ, ಇಪ್ಪತ್ತೆರಡು ನೀಲಿ. ನಂಬರು ಹೆಚ್ಚಿದಷ್ಟು ಸೂಜಿ ಸಣ್ಣ. ‘ಮದುಮಗನಿಗೆ ಕಣ್ಣುಮುಚ್ಚಿ ಹಸಿರು ಹಾಕಬಹುದು. ಹುಡುಗಿಗೆ ಕಷ್ಟ ಮಾರಾಯ, ನೀಲಿಯೇ ಗತಿ’ ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ. ಜಾತಕ ನೋಡುವವರು ಇಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ.

ಅವಳ ಕಸುಬಿನ ಮೊದಲ ಪಾಠ ಸೂಜಿಯದಲ್ಲ, ಯಾರನ್ನು ಕಾಯಿಸಬಹುದು ಎಂಬುದರದು. ಒಮ್ಮೆ ನಡುರಾತ್ರಿ ತಲೆ ಒಡೆದುಕೊಂಡ ಒಬ್ಬ ಬಂದನಂತೆ. ಹಿಂದೆ ಹತ್ತು ಜನ ಗೆಳೆಯರು, ಕೈಯಲ್ಲಿ ನಗರಸೇವಕರ (ಅಂದರೆ ಕಾರ್ಪೊರೇಟರರ) ಫೋನು, ಬಾಯಲ್ಲಿ ಎಲ್ಲರ ಅಮ್ಮ ಅಕ್ಕಂದಿರು. ಅದೇ ಹೊತ್ತಿಗೆ ಬೆಂಚಿನ ತುದಿಯಲ್ಲಿ ಕಾರ್ಕಳ ಕಡೆಯ ಹೋಟೆಲಿನವರೊಬ್ಬರು ಕೇಸ್ ಪೇಪರ್ ಹಿಡಿದು ಸುಮ್ಮನೆ ಕೂತಿದ್ದರು. ಎಂತ ಆಗ್ತದೆ ಅಂತ ಕೇಳಿದರೆ, ‘ಎಂತ ಇಲ್ಲ ಸಿಸ್ಟರ್, ಗ್ಯಾಸು. ಸೋಡಾ ಕುಡಿದೆ, ಹೋಗಲಿಲ್ಲ.’ ಅತ್ತಿಗೆ ಅವರ ಹಣೆಗೆ ಅಂಗೈಯ ಹಿಂಬದಿ ತಾಗಿಸಿದಳು. ತಣ್ಣಗೆ, ಒದ್ದೆ. ಫ್ಯಾನಿನ ಕೆಳಗೆ ಕೂತವರಿಗೆ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಎದೆನೋವಿನವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ನಿಯಮ. ಇವರು ಎದೆನೋವು ಎಂದೇ ಹೇಳಿರಲಿಲ್ಲ. ಆದರೆ ಇವರಂಥ ಹಳೆಯ ಸಕ್ಕರೆ ಕಾಯಿಲೆಯವರಿಗೆ ಹಾರ್ಟ್ ಅಟ್ಯಾಕಿನಲ್ಲೂ ನೋವು ಗೊತ್ತಾಗದೆ ಇರಬಹುದು. ಆಯಾ ಮಾವಶಿಯನ್ನು ಕೂಗಿ ಗಾಲಿಕುರ್ಚಿ ತರಿಸಿ, ತಾನೇ ಇಸಿಜಿ ತೆಗೆದು, ಆ ಪಟ್ಟಿಯನ್ನು ಡಾಕ್ಟರ ಮೂಗಿಗೆ ಹಿಡಿದಳು. ತಲೆ ಒಡೆದವನ ಗೆಳೆಯರು ಮೇಜು ಗುದ್ದುತ್ತಿದ್ದರು. ‘ಬೊಬ್ಬೆ ಹೊಡೆಯುವವನಿಗೆ ಉಸಿರುಂಟು, ಅವ ಕಾಯ್ಲಿ’ ಎಂದಳಂತೆ. ತುಳುವಿನಲ್ಲಿ ಹೇಳಿದ್ದರಿಂದ ಬಚಾವಾದಳು.

ಗಾಯ ನೋಡಿ ಸರದಿ ಕೊಡು, ಪದವಿ ನೋಡಬೇಡ ಎಂಬ ಪದ್ಧತಿಯನ್ನು ಯುದ್ಧಭೂಮಿಗೆ ತಂದವನು ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆ ಎನ್ನುತ್ತಾರೆ. ಪುಣ್ಯಾತ್ಮನಿಗೆ ಜನರಲ್‌ಗಳನ್ನು ಸಂಭಾಳಿಸಿದರೆ ಸಾಕಿತ್ತು, ನಗರಸೇವಕರು ಇರಲಿಲ್ಲ.

ಬಿಲ್ಲವ ಭವನವಿರುವ ಈ ಸಾಂತಾಕ್ರೂಜ್ ಹೆಸರು ದೇಶಕ್ಕೆಲ್ಲ ಕೇಳಿದ್ದು ಮಳೆಯಿಂದ. 2005ರ ಜುಲೈ 26ರಂದು ಇಲ್ಲಿನ ಹವಾಮಾನ ಕೇಂದ್ರ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಅಳೆಯಿತು. ಅದೇ ಊರಿನ ಕೊಲಾಬಾದಲ್ಲಿ ಎಪ್ಪತ್ತು ಚಿಲ್ಲರೆ. ಲೋಕಲ್ ನಿಂತಿತು, ಮಿಲನ್ ಸಬ್‌ವೇ ಮುಳುಗಿತು. ಆ ಸಂಜೆ ಆಸ್ಪತ್ರೆಯ ಪಾಳಿಯಲ್ಲಿದ್ದವರು ಮನೆಗೆ ಹೋಗುವಂತಿಲ್ಲ, ಬಿಡಿಸಲು ಬರಬೇಕಾದವರು ಬರುವಂತಿಲ್ಲ. ಅತ್ತಿಗೆ ಅದನ್ನು ದೊಡ್ಡದಾಗಿ ಹೇಳುವುದಿಲ್ಲ. ಅವಳು ಹೇಳುವುದು ಆಮೇಲಿನ ಆಗಸ್ಟಿನ ಕತೆ. ಕೊಳೆನೀರಿನಲ್ಲಿ ನಡೆದು ಮನೆ ಸೇರಿದ್ದವರಲ್ಲಿ ಹಲವರು ಜ್ವರ ಹಿಡಿದು ಬರತೊಡಗಿದರು. ಇಲಿಯ ಮೂತ್ರದಿಂದ ನೀರಿಗೆ, ನೀರಿನಿಂದ ಕಾಲಿನ ಗೀರುಗಾಯಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿಯುವ ಲೆಪ್ಟೊಸ್ಪೈರೋಸಿಸ್. ಅಂದಿನಿಂದ ಮಳೆಗಾಲದಲ್ಲಿ ಜ್ವರ ಎಂದು ಬಂದವರ ಮೀನಖಂಡವನ್ನು ಹೆಬ್ಬೆರಳಲ್ಲಿ ಒಮ್ಮೆ ಒತ್ತುವುದು ಅವಳ ಅಭ್ಯಾಸ. ‘ಅಯ್ಯೋ’ ಎಂದು ಕಾಲೆಳೆದುಕೊಂಡು, ಕಣ್ಣೂ ಕೆಂಪಗಿದ್ದರೆ, ‘ನೀರಲ್ಲಿ ನಡೆದಿದ್ದೀರಾ?’ ಎಂದು ಕೇಳುತ್ತಾಳೆ. ಮುಂಬಯಿಯಲ್ಲಿ ಜುಲೈ ತಿಂಗಳಲ್ಲಿ ಇಲ್ಲ ಎನ್ನುವವರು ಯಾರಿದ್ದಾರೆ?

ಇಷ್ಟೆಲ್ಲ ಬಲ್ಲವಳ ವೃತ್ತಿ ಹೇಗೆ ಬೆಳೆಯುತ್ತದೆ ಅಂತೀರಿ? ಇಲ್ಲಿಯೇ ನನ್ನ ತಕರಾರು. ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನಾಲ್ಕು ವರ್ಷ ಓದಿ ಸ್ಟಾಫ್ ನರ್ಸ್ ಆಗುತ್ತೀರಿ. ಆಮೇಲೆ ಸಿಸ್ಟರ್ ಇನ್‌ಚಾರ್ಜ್, ಆಮೇಲೆ ಮೇಟ್ರನ್. ಒಂದೊಂದು ಮೆಟ್ಟಿಲು ಹತ್ತಿದಂತೆ ಹಾಸಿಗೆ ದೂರವಾಗುತ್ತದೆ, ರಿಜಿಸ್ಟರು ಹತ್ತಿರವಾಗುತ್ತದೆ. ಬೆವರು ನೋಡಿ ಹೃದಯ ಹಿಡಿದವಳನ್ನು ಬೆಡ್‌ಶೀಟ್ ಎಣಿಸಲು ಕೂರಿಸುವುದಕ್ಕೆ ನಾವು ಬಡ್ತಿ ಎನ್ನುತ್ತೇವೆ. ಭಾರತೀಯ ನರ್ಸಿಂಗ್ ಪರಿಷತ್ತು ತುರ್ತು ಮತ್ತು ವಿಪತ್ತು ಶುಶ್ರೂಷೆಗೆಂದೇ ಒಂದು ವರ್ಷದ ಡಿಪ್ಲೊಮಾ, ತೀವ್ರ ನಿಗಾ ಘಟಕಕ್ಕೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸು ಇಟ್ಟಿದೆ, ನಿಜ. ಅದನ್ನು ಮುಗಿಸಿದವಳಿಗೆ ರೋಗಿಯ ಪಕ್ಕದಲ್ಲೇ ನಿಂತು ಮೇಟ್ರನ್ನಿನ ಸಂಬಳ ಸಿಗುವ ಕಾಲ ಬಂದರೆ ನಾನು ತಕರಾರು ವಾಪಸು ಪಡೆಯುತ್ತೇನೆ.

ಹಾಸಿಗೆಯ ಪಕ್ಕದ ಕೆಲಸ ಎಂದಾಗ ಕರಾವಳಿಯವರಿಗೆ ಅರುಣಾ ಶಾನಭಾಗ್ ನೆನಪಾಗದೆ ಇರುವುದಿಲ್ಲ. ಹೊನ್ನಾವರದ ಹಳದೀಪುರದ ಹುಡುಗಿ, ಪರೇಲಿನ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ ಮಲಗಿದವರು 2015ರ ಮೇ 18ರಂದು ತೀರಿಕೊಳ್ಳುವವರೆಗೂ ಏಳಲಿಲ್ಲ. ನಲವತ್ತೊಂದು ವರ್ಷಕ್ಕೂ ಮೇಲೆ ಅಲ್ಲಿನ ನರ್ಸುಗಳು, ಅವರಾದ ಮೇಲೆ ಬಂದ ನರ್ಸುಗಳು, ಅರುಣಾರನ್ನು ಉಣ್ಣಿಸಿ ತೊಳೆದು ನೋಡಿಕೊಂಡರು. ‘ನರ್ಸಿಂಗಿಗೆ ಕಳಿಸಬೇಡಿ’ ಎನ್ನಲು ಊರಿನಲ್ಲಿ ಅರುಣಾರ ಹೆಸರು ಹೇಳುವವರನ್ನು ಕೇಳಿದ್ದೇನೆ. ಕಾವಲಿಲ್ಲದ ಕತ್ತಲ ಕೋಣೆಗಳನ್ನು ಬಿಟ್ಟು ಹುಡುಗಿಯರ ಓದನ್ನೇ ದೂರುವುದು ನಮಗೆ ಸುಲಭ.

ಈಗ ನಮ್ಮ ದೊಡ್ಡಪ್ಪನ ಮೊಮ್ಮಗಳು ಬಿಎಸ್ಸಿ ನರ್ಸಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಕಣ್ಣು ಇಂಗ್ಲೆಂಡಿನ ಮೇಲೆ. ಅದಕ್ಕೆ ಒಇಟಿ ಎಂಬ ಭಾಷಾ ಪರೀಕ್ಷೆಯಲ್ಲಿ ಪತ್ರ ಬರೆಯಬೇಕು, ಸುಳ್ಳು ರೋಗಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕು. ನಮ್ಮ ಅತ್ತಿಗೆ ನಿಜವಾದ ರೋಗಿಗಳ ಜೊತೆ ಮರಾಠಿ, ಹಿಂದಿ, ಗುಜರಾತಿ, ತುಳು, ಕನ್ನಡದಲ್ಲಿ ಮಾತಾಡಿದ್ದಕ್ಕೆ ಯಾರೂ ಅಂಕ ಕೊಟ್ಟಿಲ್ಲ. ಹುಡುಗಿ ಮೊನ್ನೆ ತಾಯಿಯ ಜೊತೆ ಸಲಹೆ ಕೇಳಲು ಬಂದಿದ್ದಳು.

‘ಎರಡು ವರ್ಷ ಇಲ್ಲೇ ಕ್ಯಾಶುವಲ್ಟಿ ಮಾಡು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು’ ಎಂದಳು ಅತ್ತಿಗೆ.

ತಾಯಿಗೆ ಸಮಾಧಾನವಾಗಲಿಲ್ಲ. ‘ಕ್ಯಾಶುವಲ್ಟಿ ಅಂದ್ರೆ ನೈಟ್ ಡ್ಯೂಟಿ ಅಲ್ವಾ? ಲಂಡನ್ನಿನಲ್ಲಿ ಅದೆಲ್ಲ ಇರ್ಲಿಕ್ಕಿಲ್ಲ.’

‘ಹೌದು ಅಕ್ಕಾ,’ ಎಂದಳು ಅತ್ತಿಗೆ, ‘ಅಲ್ಲಿಯ ರೋಗಿಗಳು ಹತ್ತಕ್ಕೆ ಬಂದು ಐದಕ್ಕೆ ಮನೆಗೆ ಹೋಗ್ತಾರಂತೆ.’